ಮದುವೆ ಮನೆಗೆ ನೊರೆ ಶುಂಠಿ: ಹೆಪ್ಪಿನಿಂದ ಲೋಟದವರೆಗೆ

ಉಡುಪಿ ಕಡೆಯ ಮನೆಗಳಲ್ಲಿ ಬಿಸಿಲಿನಿಂದ ಬಂದವರ ಮುಂದೆ ಮೊದಲು ಬೆಲ್ಲದ ತುಂಡು ಮತ್ತು ಚೊಂಬಿನಲ್ಲಿ ನೀರು ಇಟ್ಟು, ಅನಂತರ ‘ಆಸರಿಗೆ (ಬಾಯಾರಿಕೆಗೆ) ಏನು ಕೊಡಲಿ’ ಎಂದು ಕೇಳುವುದು ವಾಡಿಕೆ. ಮದುವೆಯ ಚಪ್ಪರದಲ್ಲಿ ಆ ಆಸರಿನ ಜಾಗಕ್ಕೆ ಈಗ ಹೆಚ್ಚಾಗಿ ಪುಡಿ ಕಲಸಿದ ಕಿತ್ತಳೆ ಬಣ್ಣದ ನೀರು ಬಂದು ಕೂತಿದೆ. ಕಳೆದ ಬೇಸಿಗೆಯಲ್ಲಿ ಅಣ್ಣನ ಮಗಳ ಮದುವೆ ಊರ ಮನೆಯ ಅಂಗಳದಲ್ಲೇ ನಡೆದಾಗ, ಅದರ ಬದಲು ಮನೆಯಲ್ಲೇ ಹುದುಗಿಸಿದ, ತಾನಾಗಿಯೇ ಗ್ಯಾಸು ಕಟ್ಟಿಕೊಂಡ ಶುಂಠಿ ಪಾನೀಯವನ್ನು ಇನ್ನೂರು ಜನರಿಗೆ ಕೊಟ್ಟೆವು. ರಾಮನವಮಿಯ ಪಾನಕಕ್ಕೂ ರಥಬೀದಿಯ ಗೋಲಿ ಸೋಡಕ್ಕೂ ನಡುವಿನ ರುಚಿ ಅದರದು. ಅದನ್ನು ಮಾಡುವ ವಿಧಾನವನ್ನು, ನಮ್ಮ ಸೆಖೆಗೆ ಹೊಂದುವಂತೆ, ಇಲ್ಲಿ ವಿವರಿಸಿದ್ದೇನೆ.

ವರನ ಮೊದಲ ಆಸೆ ಬೇರೆಯೇ ಇತ್ತು. ಹೊರದೇಶದಲ್ಲಿ ಕೆಲವು ವರ್ಷ ಇದ್ದು ಬಂದ ಅವನಿಗೆ, ಅಲ್ಲಿನ ಗೆಳೆಯರು ತಮ್ಮ ಮದುವೆಗೆ ತಾವೇ ರೈ ಧಾನ್ಯದ ಪೇಲ್ ಏಲ್ ಎಂಬ ಬಿಯರ್ ಕುದಿಸಿ ಇಟ್ಟಂತೆ ಇಲ್ಲಿಯೂ ಮಾಡಬೇಕೆಂದಿತ್ತು. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಮಾರುವುದಕ್ಕಲ್ಲ, ನೆಂಟರಿಷ್ಟರಿಗೆ ಎಂಬ ಸಮಜಾಯಿಷಿ ಅಲ್ಲಿ ನಡೆಯದು. ಶುಂಠಿಯ ಪಾನೀಯವನ್ನು ಆರಿಸಿಕೊಂಡದ್ದು ಹೀಗೆ. ಇದರಲ್ಲಿಯೂ ಹುದುಗುವಾಗ ತುಸು ಆಲ್ಕೋಹಾಲ್ ಹುಟ್ಟುತ್ತದೆ ಎಂಬುದನ್ನು ಮುಚ್ಚಿಡಬಾರದು. ಲೀಟರಿಗೆ ಸುಮಾರು 8 ಗ್ರಾಂ ಸಕ್ಕರೆ ಗ್ಯಾಸಾಗಿ ಬದಲಾದ ಹೊತ್ತಿಗೆ ಹುದುಗುವಿಕೆಯನ್ನು ತಡೆದರೆ ಅದರ ಪ್ರಮಾಣ ಶೇ. 0.5ರ ಆಸುಪಾಸಿನಲ್ಲಿ ಇರುತ್ತದೆ; ಆಹಾರ ಸುರಕ್ಷತಾ ನಿಯಮಗಳು ಮದ್ಯವೆಂದು ಎಣಿಸುವುದು ಶೇ. 0.5 ದಾಟಿದ್ದನ್ನು. ಆದ್ದರಿಂದ ನಾವು ಪಾನೀಯವನ್ನು ಸ್ವಲ್ಪ ಗಾಢವಾಗಿ ಮಾಡಿಕೊಂಡು, ಬಡಿಸುವಾಗ ಎರಡು ಪಾಲಿಗೆ ಒಂದು ಪಾಲು ತಣ್ಣನೆಯ ಸಾದಾ ಸೋಡ ಬೆರೆಸಿ, ಆ ಗೆರೆಯಿಂದ ಕೆಳಗೆ ಉಳಿದೆವು. ಮುಂದೆ ಬರುವ ಗಂಟೆಗಳ ಲೆಕ್ಕವನ್ನು ಸಡಿಲವಾಗಿ ತೆಗೆದುಕೊಳ್ಳಬಾರದು ಎನ್ನುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ಬಾಟಲಿಯ ಮಾತು ಬಂದಾಗ ಹೇಳುತ್ತೇನೆ.

ಮೊದಲು ಪ್ರಮಾಣದ ಮಾತು. ಇನ್ನೂರು ಜನರಿಗೆ ತಲಾ 150 ಮಿಲಿಲೀಟರ್ ಎಂದರೆ 30 ಲೀಟರ್ ಆಯಿತು. ಅರ್ಧದಷ್ಟು ಜನ ಎರಡನೆಯ ಲೋಟ ಕೇಳುತ್ತಾರೆ ಎಂದು ಹಿಡಿದರೆ 45 ಲೀಟರ್ ಬೇಕು. ಇದರಲ್ಲಿ 15 ಲೀಟರ್ ಸೋಡ, ಉಳಿದ 30 ಲೀಟರ್ ನಮ್ಮ ತಯಾರಿ. ಈ 30 ಲೀಟರನ್ನು ಒಂದೇ ಕೊಪ್ಪರಿಗೆಯಲ್ಲಿ ಮಾಡುವ ಬದಲು ಹತ್ತು ಹತ್ತು ಲೀಟರಿನ ಮೂರು ಪಾಕಗಳಾಗಿ ಮಾಡುವುದು ಮೇಲು. ಮನೆಯ ಒಲೆಗೆ ಅಷ್ಟೇ ಸುಧಾರಿಸುತ್ತದೆ, ದೊಡ್ಡ ಪಾತ್ರೆ ತಣಿಯುವುದಕ್ಕೆ ರಾತ್ರಿಯೆಲ್ಲ ಹಿಡಿಯುತ್ತದೆ, ಒಂದು ಪಾಕ ಕೆಟ್ಟರೂ ಎರಡು ಉಳಿದಿರುತ್ತವೆ.

ದಿನಗಳನ್ನು ಮುಹೂರ್ತದಿಂದ ಹಿಂದಕ್ಕೆ ಎಣಿಸಬೇಕು. ಮದುವೆ ಭಾನುವಾರವಾದರೆ ಬಾಟಲಿಗಳು ಶುಕ್ರವಾರ ಸಂಜೆಗೆ ಮಂಜುಗಡ್ಡೆಯ ಪೆಟ್ಟಿಗೆ ಸೇರಿರಬೇಕು, ಗುರುವಾರ ಬೆಳಿಗ್ಗೆ ತುಂಬಿರಬೇಕು, ಬುಧವಾರ ರಾತ್ರಿ ಪಾಕ ಕುದಿದಿರಬೇಕು, ಅದರ ಹಿಂದಿನ ಶುಕ್ರವಾರವೇ ಹೆಪ್ಪು ಹಾಕಿರಬೇಕು. ತಂಪು ದೇಶಗಳ ವಿಧಾನಗಳಲ್ಲಿ ಬಾಟಲಿಗೆ ಮೂರು ದಿನ, ವಾರ ಎಂದೆಲ್ಲ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯೂ ಬೆವರುವ ನಮ್ಮ ಕರಾವಳಿಗೆ ಆ ಲೆಕ್ಕ ಅಪಾಯಕಾರಿ. ಸಂಜೆ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವ ಮೊದಲೇ ಪಾತ್ರೆಯಿಂದ ಇಳಿದುಹೋಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳ ಮುಂಚೆ ಎರಡು ಲೀಟರಿನಷ್ಟು ಮಾಡಿ ನೋಡಿ, ನಿಮ್ಮ ಮನೆಯಲ್ಲಿ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಹೆಪ್ಪಿನ ಜೀವ ಇರುವುದು ಶುಂಠಿಯ ಸಿಪ್ಪೆಯಲ್ಲಿ. ಮಣ್ಣಿನಿಂದ ಬಂದ ಯೀಸ್ಟುಗಳೂ ಹಾಲನ್ನು ಮೊಸರು ಮಾಡುವ ಜಾತಿಗೆ ಸೇರಿದ ಬ್ಯಾಕ್ಟೀರಿಯಗಳೂ ಅಲ್ಲಿ ಮೊದಲೇ ಮನೆ ಮಾಡಿಕೊಂಡಿರುತ್ತವೆ. ಸಕ್ಕರೆ ನೀರು ಕೊಟ್ಟು ಅವನ್ನು ಹೆಚ್ಚಿಸುವುದಷ್ಟೇ ನಮ್ಮ ಕೆಲಸ. ಇಂಗ್ಲೆಂಡಿನ ಮನೆಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಇಂಥದೇ ಒಂದು ಹೆಪ್ಪನ್ನು ಪರೀಕ್ಷಿಸಿ, ಅದು ಯೀಸ್ಟು ಮತ್ತು ಬ್ಯಾಕ್ಟೀರಿಯಗಳ ಕೂಡುಬಾಳು ಎಂದು 1892ರಲ್ಲಿ ತೋರಿಸಿಕೊಟ್ಟವನು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ. ಕಾಫಿ ಬೆಳೆಗಾರರಿಗೆ ಇವನ ಪರಿಚಯ ಬೇರೆ ದಾರಿಯಿಂದ ಇದ್ದೀತು: ಅದಕ್ಕೆ ಹತ್ತು ವರ್ಷ ಮೊದಲು ಸಿಲೋನಿನ ಕಾಫಿ ತೋಟಗಳನ್ನು ನುಂಗುತ್ತಿದ್ದ ಎಲೆ ತುಕ್ಕು ರೋಗವನ್ನು ಅಭ್ಯಾಸ ಮಾಡಿದವನೂ ಇವನೇ.

ಆದ್ದರಿಂದ ತೊಳೆದು ಬೆಳ್ಳಗೆ ಹೊಳೆಯುವ ಶುಂಠಿಗಿಂತ, ಸಂತೆಯಲ್ಲಿ ಮಣ್ಣು ಮೆತ್ತಿಕೊಂಡು ಬರುವ ಘಟ್ಟದ ಮೇಲಿನ ಶುಂಠಿ ಒಳ್ಳೆಯದು. ನಮ್ಮ ಪೇಟೆಗೆ ಬರುವುದರಲ್ಲಿ ರಿಯೊ ಡಿ ಜನೈರೊ ಎಂಬ ತಳಿ ದಪ್ಪಗೆ, ನಾರು ಕಡಿಮೆಯಾಗಿ, ರಸ ಹೆಚ್ಚಾಗಿ ಇರುತ್ತದೆ. ಹಿಮಾಚಲ ಎಂದು ಕರೆಯುವ ತಳಿಯೂ ಸಿಗುತ್ತದೆ. ಹೆಪ್ಪಿಗೆ ಯಾವುದಾದರೂ ಸರಿ. ಮಣ್ಣನ್ನು ತಣ್ಣೀರಿನಲ್ಲಿ ತೊಳೆದು ತೆಗೆಯಬೇಕು, ಸಿಪ್ಪೆಯನ್ನು ಮಾತ್ರ ಹೆರೆಯಬಾರದು.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಉಡುಪಿ ನಗರಕ್ಕೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದಲೂ ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದಲೂ ಬರುವ ನಳದ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ಕುಡಿಯುವವರನ್ನು ಕಾಪಾಡುವ ಆ ಕ್ಲೋರಿನ್ನೇ ನಮ್ಮ ಹೆಪ್ಪನ್ನು ಕೊಲ್ಲುತ್ತದೆ. ಬಾವಿಯ ನೀರಿಗೆ ಆ ತೊಂದರೆ ಇಲ್ಲ, ಆದರೆ ಅದನ್ನು ಹಸಿಯಾಗಿ ಬಳಸುವಂತಿಲ್ಲ. ಎರಡಕ್ಕೂ ಪರಿಹಾರ ಒಂದೇ: ಮುಚ್ಚಳ ತೆರೆದು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ ಬಳಸುವುದು.

ನಾಲ್ಕು ಲೀಟರ್ ಹಿಡಿಯುವ ಉಪ್ಪಿನಕಾಯಿ ಭರಣಿಯನ್ನು, ಉಪ್ಪಿನಕಾಯಿಯ ವಾಸನೆ ಎಳ್ಳಷ್ಟೂ ಉಳಿಯದಂತೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಅದರಲ್ಲಿ ಎರಡು ಲೀಟರ್ ಆರಿದ ನೀರು, ಸಿಪ್ಪೆಸಹಿತ ತುರಿದ 100 ಗ್ರಾಂ ಶುಂಠಿ, 100 ಗ್ರಾಂ ಸಕ್ಕರೆ ಹಾಕಿ ಕಲಕಿ, ಬಾಯಿಗೆ ತೆಳು ಪಾಣಿಪಂಚೆ ಬಿಗಿದು ಕಟ್ಟಬೇಕು. ಗಾಳಿಯಾಡದಂತೆ ಮುಚ್ಚುವುದು ಬೇಡ. ಹಾಗೆಂದು ತೆರೆದಿಟ್ಟರೆ ಹಣ್ಣಿನ ನೊಣಗಳು ಬಿಡುವುದಿಲ್ಲ. ಮರುದಿನದಿಂದ ದಿನಕ್ಕೊಮ್ಮೆ ತಲಾ 50 ಗ್ರಾಂ ಶುಂಠಿ ತುರಿ ಮತ್ತು ಸಕ್ಕರೆ ಸೇರಿಸಿ, ಒಣಗಿದ ಮರದ ಸಟ್ಟುಗದಿಂದ ಬೆಳಿಗ್ಗೆ ಸಂಜೆ ಕಲಕಬೇಕು. ಬೇಸಿಗೆಯಲ್ಲಿ ಮೂರನೆಯ ದಿನವೇ ತುರಿಯೆಲ್ಲ ಮೇಲೆ ತೇಲಿ, ಅಂಚಿನಲ್ಲಿ ಬಿಳಿಯ ಸಣ್ಣ ನೊರೆ ಕಾಣಿಸಿಕೊಳ್ಳುತ್ತದೆ. ಐದನೆಯ ದಿನ ಸಟ್ಟುಗ ಇಳಿಸಿದೊಡನೆ ನೀರು ಸುಂಯ್ ಎಂದು ಸದ್ದು ಮಾಡಿದರೆ, ವಾಸನೆ ಶೇಂದಿ ಹಾಕಿ ಹುಳಿಬರಿಸಿದ ಹಿಟ್ಟಿನಂತೆ ಇದ್ದರೆ, ಹೆಪ್ಪು ಸಿದ್ಧವಾಗಿದೆ ಎಂದು ತಿಳಿಯಬಹುದು. ತೇಲುವ ತುರಿಯ ಮೇಲೆ ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಸಲು ಕಂಡರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸುವ ಜಿಪುಣತನ ತೋರಬಾರದು. ಪೂರ್ತಿ ಚೆಲ್ಲಿ ಹೊಸದಾಗಿ ತೊಡಗಬೇಕು. ಹೆಪ್ಪನ್ನು ಎರಡು ದಿನ ಮುಂಚಿತವಾಗಿಯೇ ಹಾಕಲು ಹೇಳಿದ್ದು ಇದಕ್ಕಾಗಿ. ಮೊದಲೇ ಸಿದ್ಧವಾದರೆ ಫ್ರಿಜ್ಜಿನಲ್ಲಿಟ್ಟು ಉಳಿಸಿಕೊಳ್ಳಬಹುದು.

ಪಾಕ ಮಾಡುವುದು ಸುಲಭ, ಬೇಗ ಮುಗಿಯುವ ಕೆಲಸ. ಹತ್ತು ಲೀಟರಿಗೆ 9 ಲೀಟರ್ ನೀರು, 700 ಗ್ರಾಂ ಶುಂಠಿ, 1 ಕಿಲೋ 100 ಗ್ರಾಂ ಸಕ್ಕರೆ, 300 ಗ್ರಾಂ ಓಲೆ ಬೆಲ್ಲ, 350 ಮಿಲಿಲೀಟರ್ ನಿಂಬೆರಸ, ಜಜ್ಜಿದ ಆರು ಏಲಕ್ಕಿ, ಒಂದು ಚಮಚ ತರಿಯಾದ ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಉಪ್ಪು ಬೇಕು. ಪೂರ್ತಿ ಬೆಲ್ಲವನ್ನೇ ಹಾಕಿದರೆ ಬಣ್ಣ ಕಪ್ಪಾಗಿ, ಶುಂಠಿಯ ರುಚಿ ಬೆಲ್ಲದ ಅಡಿಯಲ್ಲಿ ಹೂತುಹೋಗುತ್ತದೆ. ಪೂರ್ತಿ ಸಕ್ಕರೆಯಾದರೆ ಸಪ್ಪೆಯೆನಿಸುತ್ತದೆ. ತಾಳೆಯ ಓಲೆ ಬೆಲ್ಲದ ಹೊಗೆಯಂಥ ಪರಿಮಳ ಸ್ವಲ್ಪದರಲ್ಲೇ ಎದ್ದು ಬರುವುದರಿಂದ ಈ ಅಳತೆ ಸಾಕು. ಅರ್ಧದಷ್ಟು ನೀರಿನಲ್ಲಿ ಜಜ್ಜಿದ ಶುಂಠಿ, ಸಕ್ಕರೆ, ಬೆಲ್ಲ ಹಾಕಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಏಲಕ್ಕಿ, ಮೆಣಸು ಬೆರೆಸಿ ಮುಚ್ಚಿಡಬೇಕು. ಇದಕ್ಕಿಂತ ಹೆಚ್ಚು ಹೊತ್ತು ಕುದಿಸಿದರೆ ಖಾರ ಉಳಿದು ಹಸಿ ಶುಂಠಿಯ ಪರಿಮಳ ಆವಿಯೊಡನೆ ಹೊರಟುಹೋಗುತ್ತದೆ. ಮೊದಲೇ ಕುದಿಸಿ ಆರಿಸಿಟ್ಟ ಉಳಿದರ್ಧ ನೀರನ್ನು ಸೇರಿಸಿ, ಬಟ್ಟೆಯಲ್ಲಿ ಸೋಸಿ ಹಿಂಡಿ, ಮುಚ್ಚಿ ರಾತ್ರಿ ಇಡಬೇಕು.

ನಿಂಬೆರಸವನ್ನು ರುಚಿಗೆ ಮಾತ್ರ ಎಂದು ಭಾವಿಸಿ ಕಡಿಮೆ ಮಾಡುವವರಿದ್ದಾರೆ. ಆರಿದ ಸಕ್ಕರೆ ನೀರು ಬೇಡದ ಸೂಕ್ಷ್ಮಾಣುಗಳಿಗೂ ಹಬ್ಬದೂಟವೇ. ಮೊದಲ ಗಂಟೆಯಿಂದಲೇ ಅವುಗಳನ್ನು ದೂರವಿಡುವುದು ನಿಂಬೆಯ ಹುಳಿ. ಆದ್ದರಿಂದ ಪಾಕ ಬೆಚ್ಚಗಾದೊಡನೆ ರಾತ್ರಿಯೇ ರಸ ಹಿಂಡಿ ಸೇರಿಸಬೇಕು. ಮೂರು ಪಾಕಕ್ಕೂ ಸೇರಿ ಸುಮಾರು 45 ನಿಂಬೆ ಬೇಕಾಗುತ್ತದೆ. ಈ ಹಂತದಲ್ಲಿ ನಾಲ್ಕನೆಯ ಒಂದು ಸಣ್ಣ ಪಾಕವನ್ನು ಹೆಪ್ಪಿಲ್ಲದೆ ತೆಗೆದಿರಿಸಿ ಫ್ರಿಜ್ಜಿನಲ್ಲಿಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಹುದುಗಿಸಿದ್ದನ್ನು ಮುಟ್ಟದ ಹಿರಿಯರಿಗೆ ಅದನ್ನೇ ಸೋಡದೊಡನೆ ಕೊಡಬಹುದು. ನಮ್ಮ ದೊಡ್ಡಮ್ಮ ವಿಷಯ ತಿಳಿದ ಮೇಲೆ ‘ನನಗೆ ಆ ಗುಳ್ಳೆ ಇಲ್ಲದ್ದೇ ಇರಲಿ ಮಾರಾಯ’ ಎಂದು ಅದನ್ನೇ ಮೂರು ಲೋಟ ಕುಡಿದರು.

ಇನ್ನು ಬಾಟಲಿ. ಎರಡನೆಯ ಕಾರಣ ಎಂದೆನಲ್ಲ, ಅದು ಇಲ್ಲಿದೆ. ಮೇಲಿನ ಅಳತೆಯ ಪಾಕದಲ್ಲಿರುವ ಸಕ್ಕರೆಯೆಲ್ಲ ಹುದುಗಿಹೋದರೆ, ಪಾನೀಯದ ಸುಮಾರು 30 ಪಟ್ಟು ಗಾತ್ರದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂಗಡಿಯ ಬಣ್ಣದ ಸೋಡಗಳಲ್ಲಿ ಇರುವುದು 4 ಪಟ್ಟಿನ ಒಳಗೆ. ನಮಗೆ ಬೇಕಾದದ್ದು 2 ಪಟ್ಟು ಮಾತ್ರ. ಅಂದರೆ ಪ್ರತಿ ಬಾಟಲಿಯೂ ತನಗೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಮದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿರುತ್ತದೆ. ಕೆಲವು ವರ್ಷಗಳ ಹಿಂದೆ ಮೊದಲ ಸಲ ಇದನ್ನು ಮಾಡಿದಾಗ, ನೋಡಲು ಚಂದವೆಂದು ಗಾಜಿನ ಆರು ಬಾಟಲಿಗಳಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದೆ. ಹಂಚಿನ ಕೆಳಗಿನ ಅಟ್ಟ ಮಧ್ಯಾಹ್ನ ಎಷ್ಟು ಕಾಯುತ್ತದೆ ಎಂಬ ಯೋಚನೆಯೇ ನನಗೆ ಬರಲಿಲ್ಲ. ಎರಡನೆಯ ದಿನ ಊಟ ಮುಗಿಸಿ ಅಡ್ಡಾದ ಹೊತ್ತಿಗೆ ಮೊದಲನೆಯದು ಸಿಡಿಯಿತು, ಅದರ ಚೂರು ತಾಗಿ ಎರಡನೆಯದೂ ಹೋಯಿತು. ಅಡಕೆ ತುಂಬಿದ ಗೋಣಿಯಲ್ಲಿ ಹೆಬ್ಬೆರಳುದ್ದದ ಗಾಜು ನೆಟ್ಟಗೆ ನಾಟಿಕೊಂಡಿತ್ತು. ಉಳಿದ ನಾಲ್ಕನ್ನು ಇಳಿಸುವ ಧೈರ್ಯ ಯಾರಿಗೂ ಬಾರದೆ, ರಾತ್ರಿ ತಣಿದ ಮೇಲೆ ದಪ್ಪ ಕಂಬಳಿ ಹೊದಿಸಿ ಒಂದೊಂದಾಗಿ ತಂದೆವು.

ಗೋಲಿ ಸೋಡದ ಬಾಟಲಿಯಾದರೂ ಗಾಜಿನದೇ ಅಲ್ಲವೇ ಎಂದು ಕೇಳಬಹುದು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲೆಂಡಿನವನು ಪೇಟೆಂಟ್ ಪಡೆದ ಆ ಬಾಟಲಿಯ ಗಾಜು ಒತ್ತಡಕ್ಕೆಂದೇ ದಪ್ಪಗೆ ಎರಕ ಹೊಯ್ದದ್ದು. ಅದರಲ್ಲಿ ಗ್ಯಾಸಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಅದನ್ನು ತುಂಬುವುದಕ್ಕೆ ಯಂತ್ರ ಬೇಕು, ಮನೆಯಲ್ಲಿ ಆಗುವ ಕೆಲಸವಲ್ಲ. ನಮಗೆ ಸರಿಯಾದದ್ದು ಬಣ್ಣದ ಸೋಡ ಬರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ತಳದಲ್ಲಿ ಹೂವಿನೆಸಳಿನಂತೆ ಐದು ಪಾದಗಳಿದ್ದರೆ ಅದು ಗ್ಯಾಸು ತಡೆಯಲೆಂದೇ ಮಾಡಿದ ಬಾಟಲಿ ಎಂದು ಗುರುತಿಸಬಹುದು. ಕುಡಿಯುವ ನೀರಿನ ತೆಳು ಬಾಟಲಿಗಳನ್ನು ಈ ಕೆಲಸಕ್ಕೆ ಬಳಸಲೇಬಾರದು. ಖಾಲಿ ಬಾಟಲಿಗಳನ್ನು ಕುದಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತವೆ. ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ತೊಳೆದು, ಕುದಿಸಿ ಆರಿಸಿದ ನೀರಿನಲ್ಲಿ ಜಾಲಿಸಿ ಬೋರಲು ಹಾಕಿದರೆ ಸಾಕು. ಹದಿನೇಳು ಬಾಟಲಿಗಳು ಬೇಕು.

ಗುರುವಾರ ಬೆಳಿಗ್ಗೆ ಪಾಕ ಪೂರ್ತಿ ತಣಿದಿದೆಯೇ ಎಂದು ಬೆರಳಿಟ್ಟು ನೋಡಿ, ಹತ್ತು ಲೀಟರಿಗೆ ಅರ್ಧ ಲೀಟರಿನಂತೆ ಸೋಸಿದ ಹೆಪ್ಪನ್ನು ಬೆರೆಸಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಬಾಟಲಿಗಳಿಗೆ ತುಂಬಿ, ಮುಚ್ಚಳವನ್ನು ಬಿಗಿಮಾಡಬೇಕು. ಬಿಸಿ ಪಾಕಕ್ಕೆ ಹೆಪ್ಪು ಹಾಕಿದರೆ ಬಿಸಿ ಹಾಲಿಗೆ ಮಜ್ಜಿಗೆ ಹಾಕಿದ ಹಾಗೆಯೇ. ತುಂಬಿದ ಬಾಟಲಿಗಳನ್ನು ಬಿಸಿಲು ಬೀಳದ, ಜನ ಓಡಾಡದ ಮೂಲೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಯೊಳಗೆ ನಿಲ್ಲಿಸಿ ಮೇಲೆ ಗೋಣಿ ಹೊದಿಸಿಡಬಹುದು.

ಇಲ್ಲಿಂದ ಮುಂದೆ ಗಡಿಯಾರವನ್ನು ನಂಬದೆ ಹೆಬ್ಬೆರಳನ್ನು ನಂಬಬೇಕು. ತುಂಬಿದ ಹೊಸತರಲ್ಲಿ ಬಾಟಲಿಯ ಹೊಟ್ಟೆಯನ್ನು ಒತ್ತಿದರೆ ಕುಗ್ಗುತ್ತದೆ. ಹನ್ನೆರಡು ಗಂಟೆಯ ಮೇಲೆ ಸ್ವಲ್ಪ ಎದುರೊತ್ತುತ್ತದೆ. ಅಲ್ಲಿಂದ ಮೂರು ಮೂರು ಗಂಟೆಗೊಮ್ಮೆ, ಎಲ್ಲ ಬಾಟಲಿಗಳನ್ನೂ, ಒಂದನ್ನೂ ಬಿಡದೆ ಒತ್ತಿ ನೋಡಬೇಕು. ಏಕೆಂದರೆ ಒಂದೇ ಪಾಕದವಾದರೂ ಮಡ್ಡಿ ಹೆಚ್ಚು ಬಿದ್ದ ಬಾಟಲಿ ಬೇಗ ಗಟ್ಟಿಯಾಗುತ್ತದೆ. ನಾವು ಹೋಲಿಕೆಗೆಂದು ಅಂಗಡಿಯಿಂದ ತಂದ, ತೆರೆಯದ ಒಂದು ಸೋಡ ಬಾಟಲಿಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆವು. ಅದರ ಗಟ್ಟಿತನಕ್ಕೆ ತುಸು ಕಡಿಮೆ ಇರುವಾಗಲೇ ನಮ್ಮದು ತಂಪಿಗೆ ಹೋಗಬೇಕು. ಸಾಮಾನ್ಯವಾಗಿ 24ರಿಂದ 36 ಗಂಟೆಯೊಳಗೆ ಈ ಹದ ಬರುತ್ತದೆ. ನಮ್ಮಲ್ಲಿ ಎರಡು ಬಾಟಲಿಗಳು 20 ಗಂಟೆಗೇ ಕಲ್ಲಿನಂತಾಗಿದ್ದವು. ಮದುವೆ ಮನೆಯ ಗದ್ದಲದಲ್ಲಿ ಎಲ್ಲರೂ ನೋಡಿಕೊಳ್ಳುತ್ತಾರೆ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಈ ಕೆಲಸವನ್ನು ಒಬ್ಬರಿಗೆ ಮಾತ್ರ ವಹಿಸಿ, ಅವರಿಗೆ ಬೇರೆ ಯಾವ ಜವಾಬ್ದಾರಿಯನ್ನೂ ಕೊಡಬೇಡಿ. ನಮ್ಮಲ್ಲಿ ಭಾವನಿಗೆ ವಹಿಸಿದ್ದೆವು. ಅವರು ರಾತ್ರಿ ಎರಡು ಗಂಟೆಗೂ ಟಾರ್ಚ್ ಹಿಡಿದು ಬಾಟಲಿ ಒತ್ತುತ್ತಿದ್ದರು.

ಹದಿನೇಳು ಬಾಟಲಿಗಳು ಮನೆಯ ಫ್ರಿಜ್ಜಿನಲ್ಲಿ ಹಿಡಿಯುವುದಿಲ್ಲ, ಅದೂ ಮದುವೆಯ ಹಾಲು ಮೊಸರು ತುಂಬಿರುವಾಗ. ಐಸ್‌ಕ್ರೀಮಿನವರ ಪೆಟ್ಟಿಗೆ ಬಾಡಿಗೆಗೆ ಸಿಕ್ಕಿದರೆ ಅನುಕೂಲ. ನಾವು ಥರ್ಮೋಕೋಲಿನ ದೊಡ್ಡ ಪೆಟ್ಟಿಗೆಗಳಲ್ಲಿ ಮಂಜುಗಡ್ಡೆ ತುಂಬಿದೆವು. ಮಲ್ಪೆಯಿಂದ ಬರುವ ಮೀನಿನ ಮಂಜುಗಡ್ಡೆ ಅಗ್ಗ, ಬೇಕಾದಷ್ಟು ಸಿಗುತ್ತದೆ, ಆದರೆ ಅದು ತಿನ್ನುವುದಕ್ಕಲ್ಲ. ಬಾಟಲಿಯ ಹೊರಗೆ ತಂಪು ಕೊಡುವುದಕ್ಕೆ ಮಾತ್ರ ಅದನ್ನು ಬಳಸಿ, ತೆರೆಯುವ ಮೊದಲು ಬಾಟಲಿಯನ್ನು, ಮುಖ್ಯವಾಗಿ ಮುಚ್ಚಳದ ಅಂಚನ್ನು, ಒಳ್ಳೆಯ ನೀರಿನಲ್ಲಿ ತೊಳೆದು ಒರೆಸಬೇಕು. ಒಮ್ಮೆ ಮರೆತರೆ ಸಸ್ಯಾಹಾರಿ ಚಪ್ಪರದಲ್ಲಿ ಬಂದರಿನ ವಾಸನೆ ಬರುತ್ತದೆ. ಲೋಟಕ್ಕೆ ಹಾಕುವ ಮಂಜುಗಡ್ಡೆ ಬೇಕಿದ್ದರೆ ಬೇರೆಯೇ ತರಿಸಬೇಕು. ಪೆಟ್ಟಿಗೆಯ ನೀರು ಬಸಿದು ದಿನಕ್ಕೆ ಎರಡು ಸಲ ಹೊಸ ಗಡ್ಡೆ ಹಾಕುತ್ತಿರಬೇಕು. ತಂಪಿನಲ್ಲಿ ಹುದುಗುವಿಕೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಬಡಿಸುವ ದಿನ ಬಾಟಲಿಗಳನ್ನು ಅಲುಗಿಸದೆ ಎತ್ತಿ ತರಬೇಕು. ಮುಚ್ಚಳವನ್ನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಬಿಡುವ ಸದ್ದು ಕೇಳಿದೊಡನೆ ಮತ್ತೆ ಬಿಗಿದು, ನೊರೆ ಇಳಿದ ಮೇಲೆ ಇನ್ನಷ್ಟು ತಿರುಗಿಸುತ್ತ ಮೂರು ನಾಲ್ಕು ಸಲದಲ್ಲಿ ತೆರೆಯಬೇಕು. ಗಡಿಬಿಡಿಯವರ ಕೈಗೆ ಕೊಟ್ಟರೆ ಅರ್ಧ ಪಾನೀಯ ಜರಿ ಸೀರೆಗಳ ಪಾಲಾಗುತ್ತದೆ. ಲೋಟವನ್ನು ಓರೆಯಾಗಿ ಹಿಡಿದು ಮೊದಲು ಪಾನೀಯ, ಅದರ ಮೇಲೆ ಸೋಡ ಸುರಿದು, ತಳದ ಎರಡು ಬೆರಳಿನಷ್ಟು ಮಡ್ಡಿಯನ್ನು ಬಾಟಲಿಯಲ್ಲೇ ಬಿಡಬೇಕು. ಗ್ಯಾಸು ಸಾಲದ ಬಾಟಲಿ ಬಂದರೆ ಸೋಡವನ್ನು ಸರಿಸಮ ಬೆರೆಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹುದುಗಿಸಿದ ಪಾನೀಯ ಎಂದು ಬರೆದ ಚೀಟಿಯನ್ನು ಮೇಜಿನ ಮೇಲೆ ಕಾಣುವಂತೆ ಇಡುವುದು ಮಾತ್ರ ಮರೆಯಬಾರದು.

ಊಟದ ಪಂಕ್ತಿ ಏಳುವ ಹೊತ್ತಿಗೆ ತೆರೆಯದೆ ಉಳಿದ ಬಾಟಲಿಗಳನ್ನು ಎಣಿಸಿ, ಕೊಂಡೊಯ್ಯುವವರಿಗೆ ಕೊಡದೆ, ಅಂದೇ ಸಂಜೆ ತೆರೆದು ಮುಗಿಸಬೇಕು ಇಲ್ಲವೇ ತೆಂಗಿನ ಬುಡಕ್ಕೆ ಸುರಿಯಬೇಕು. ನೆಂಟರೊಬ್ಬರ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಕುಳಿತು ಘಟ್ಟ ಹತ್ತುವ ಬಾಟಲಿಯನ್ನು ಒತ್ತಿ ನೋಡುವವರು ಯಾರೂ ಇರುವುದಿಲ್ಲ.